ಸೊನ್ನೆ ಒತ್ತಿದರೂ ಮುಗಿಯದ ಮೆನು

ಬುಗುರಿ ಎಂದು ಅವಳಿಗೆ ಹೆಸರಿಟ್ಟವನು ಅವಳ ಸೋದರಮಾವ. ಆ ಕೂಸು ಅಂಬೆಗಾಲಿಟ್ಟಿದ್ದನ್ನು ಮನೆಯಲ್ಲಿ ಯಾರೂ ಕಾಣಲಿಲ್ಲವಂತೆ. ನಿನ್ನೆ ತೊಟ್ಟಿಲಲ್ಲಿತ್ತು, ಇವತ್ತು ಓಣಿಯ ಕೊನೆಯಲ್ಲಿತ್ತು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದರೆ ಉಳಿದ ಮಕ್ಕಳು ಅಳುತ್ತಿದ್ದರು, ಇವಳು ಕೂರುವ ಕಷ್ಟ ತಪ್ಪಿತೆಂದು ನಗುತ್ತಿದ್ದಳು. ಮದುವೆಯ ಫೋಟೋದಲ್ಲಿ ಗಂಡನ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿದೆ. ಪಕ್ಕದಲ್ಲಿ ಇವಳಿರಬೇಕಾದ ಕಡೆ ಮಾತ್ರ ಮಂಜು ಕವಿದ ಹಾಗಿದೆ. ಕ್ಯಾಮೆರಾದವನು 'ಅಲ್ಲಾಡಬೇಡಿ' ಅಂದಷ್ಟು ಹೊತ್ತು ನಿಲ್ಲುವುದು ಅವಳ ಕೈಲಾಗಲಿಲ್ಲ.

ಅಂಥವಳಿಗೆ ಹೇಳಿ ಮಾಡಿಸಿದ ಹಾಗೆ ಸಿಕ್ಕಿದ್ದು ದೊಡ್ಡಾಸ್ಪತ್ರೆಯಲ್ಲಿ ಟ್ರಾಲಿ ತಳ್ಳುವ ಕೆಲಸ. ರೋಗಿಯನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ, ಅಲ್ಲಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ಮತ್ತೆ ವಾರ್ಡಿಗೆ. ಯಾವ ಟ್ರಾಲಿಯ ಯಾವ ಗಾಲಿ ಕಿರುಗುಟ್ಟುತ್ತದೆ, ಯಾವ ಲಿಫ್ಟಿನ ಬಾಗಿಲು ಕೈ ಕಚ್ಚುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಅವಳು ತಳ್ಳಿಕೊಂಡು ಹೋಗುವಾಗ ಮಲಗಿದ ರೋಗಿಗಳು ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಟ್ರಾಲಿಯವರೆಲ್ಲರ ಲಗಾಮು ಇದ್ದದ್ದು ನೆಲಮಾಳಿಗೆಯ ಬೋರ್ಡಿನ ಕೋಣೆಯಲ್ಲಿ. ಗೋಡೆ ತುಂಬ ಒಂದು ಕಪ್ಪು ಹಲಗೆ, ಹಲಗೆ ತುಂಬ ಕೊಕ್ಕೆಗಳು, ಒಂದೊಂದು ವಾರ್ಡಿಗೆ ಒಂದೊಂದು ಕೊಕ್ಕೆ. ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಬೋರ್ಡಣ್ಣ. ಯಾರನ್ನಾದರೂ ಎಲ್ಲಿಗಾದರೂ ಕಳಿಸಿದರೆ ಅವರ ಬಣ್ಣದ ಒಂದು ಬಿಲ್ಲೆಯನ್ನು ಆ ವಾರ್ಡಿನ ಕೊಕ್ಕೆಗೆ ಹಾಕುತ್ತಿದ್ದ. ಕೆಲಸ ಮುಗಿಸಿ ಬಂದು 'ಬಂದೆ' ಅಂದರೆ ತೆಗೆಯುತ್ತಿದ್ದ. ಹಲಗೆ ನೋಡಿದರೆ ಸಾಕು, ಯಾರು ಎಲ್ಲಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ಬುಗುರಿಯ ವಿಷಯ ಬಿಟ್ಟು.

ಬುಗುರಿ ಹೋದ ಕಡೆಯಿಂದ ವಾಪಸ್ ಬಂದವಳೇ ಅಲ್ಲ. ಎಕ್ಸ್‌ರೇ ಬಾಗಿಲಲ್ಲಿ ರೋಗಿಯನ್ನು ಇಳಿಸುವಷ್ಟರಲ್ಲಿ ಅಲ್ಲಿನ ಸಿಸ್ಟರ್, 'ಹೇಗೂ ಬಂದಿದ್ದೀಯಲ್ಲ, ಇವರನ್ನ ಮೇಲಿನ ವಾರ್ಡಿಗೆ ಬಿಟ್ಬಿಡು' ಅನ್ನುತ್ತಿದ್ದಳು. ಮೇಲೆ ಹೋದರೆ ಅಲ್ಲಿ ಇನ್ನೊಬ್ಬರು ಕಾದಿರುತ್ತಿದ್ದರು. ಪ್ರತಿ ವಾರ್ಡಿನಿಂದಲೂ ಬೋರ್ಡಣ್ಣನಿಗೆ ಫೋನು, ಪ್ರತಿ ಫೋನಿಗೂ ಅವಳ ಬಣ್ಣದ ಇನ್ನೊಂದು ಹಳದಿ ಬಿಲ್ಲೆ. ಸಂಜೆಯ ಹೊತ್ತಿಗೆ ಹಲಗೆಗೆ ಹಳದಿ ಹೂವು ಬಿಟ್ಟಂತಾಗುತ್ತಿತ್ತು. ತಮ್ಮ ಬಿಲ್ಲೆಗಳೆಲ್ಲ ಇಳಿಯುವ ತನಕ ಯಾರೂ ಮನೆಗೆ ಹೋಗುವಂತಿಲ್ಲ, ಅದು ಆ ಕೋಣೆಯ ಕಾನೂನು. ಉಳಿದವರು ಸಹಿ ಮಾಡಿ ಹೊರಟರೆ ಇವಳು ಬೋರ್ಡಣ್ಣನ ಮುಂದೆ ನಿಂತು ಒಂದೊಂದಕ್ಕೂ 'ಮುಗೀತು, ಮುಗೀತು' ಎಂದು ಜಪ ಮಾಡಬೇಕಾಗಿತ್ತು.

"ನೀನು ಒಬ್ಬಳೋ, ಇಲ್ಲ ನಿನ್ನ ಹಾಗೆ ಇನ್ನೂ ನಾಲ್ಕು ಜನ ಇದ್ದಾರೋ?" ಎಂದು ಬೋರ್ಡಣ್ಣ ಕೇಳುತ್ತಿದ್ದ.

"ಹೋದ ಕೆಲಸ ಮುಗೀತಲ್ಲ ಅಣ್ಣ. ಬಂದು ಹೇಳೋಕೆ ಇನ್ನೊಂದು ಸುತ್ತು ಯಾಕೆ?"

"ನಿನಗೆ ಮುಗೀತು. ನನಗೂ ಮುಗೀಬೇಕಲ್ಲ, ತಾಯಿ."

ಹೀಗೇ ನಡೆದುಹೋಗುತ್ತಿತ್ತು, ಮೊಣಕಾಲು ಕೈಕೊಡದೆ ಇದ್ದಿದ್ದರೆ. ಮೊದಲು ಮೆಟ್ಟಿಲಲ್ಲಿ ಕಟಕಟ ಎಂದಿತು, ಆಮೇಲೆ ಸಮತಟ್ಟಿನಲ್ಲೂ ಎಂದಿತು. ಅದೇ ಆಸ್ಪತ್ರೆಯ ಮೂಳೆ ಡಾಕ್ಟರು, ಎಷ್ಟೋ ರೋಗಿಗಳನ್ನು ಇವಳೇ ಯಾರ ಮುಂದೆ ತಳ್ಳಿಕೊಂಡು ಹೋಗಿದ್ದಳೋ ಅವರೇ, ಈ ಸಲ ಇವಳನ್ನೇ ಮಲಗಿಸಿ ನೋಡಿ, "ಇನ್ನು ಟ್ರಾಲಿ ಮುಟ್ಟಬೇಡಮ್ಮ. ಕೂತು ಮಾಡೋ ಕೆಲಸ ಇದ್ರೆ ಮಾಡು, ಇಲ್ಲಾಂದ್ರೆ ಮನೇಲಿರು" ಎಂದರು.

ಮನೆಯಲ್ಲಿರುವುದು! ಲಾರಿ ರಿಪೇರಿಗೆಂದು ಬೆಳಿಗ್ಗೆ ಹೋದ ಗಂಡ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಎರಡು ಕೋಣೆ, ಒಂದು ಕಿಟಕಿ, ಕಣ್ಣಿನ ಆಪರೇಷನ್ ಮಾಡಿಸಿಕೊಂಡ ಅತ್ತೆ. ನೆನೆಸಿಕೊಂಡರೇ ಬುಗುರಿಗೆ ಮೈಮೇಲೆ ಇರುವೆ ಬಿಟ್ಟಂತಾಯಿತು.

ಕೂತು ಮಾಡುವ ಕೆಲಸ ಒಂದೇ ಒಂದಿತ್ತು, ಅದು ಬೋರ್ಡಣ್ಣನ ಕುರ್ಚಿ. ಅವನು ನಿವೃತ್ತನಾಗುವವನಿದ್ದ. ಹಲಗೆ ಹೋಗಿ ಆ ಜಾಗಕ್ಕೆ ಕಂಪ್ಯೂಟರ್ ಬರುವುದಿತ್ತು. ಆಫೀಸಿನವರು ಕುರ್ಚಿ ಕೊಡಲು ಒಪ್ಪಿದರು, ಆದರೆ ಸಂಜೆ ತರಗತಿಗೆ ಹೋಗಿ ಸಿ ಭಾಷೆಯ ಮೊದಲ ಸರ್ಟಿಫಿಕೇಟ್ ತರಬೇಕು, ಅದೂ ಒಂದೇ ಪ್ರಯತ್ನದಲ್ಲಿ, ಯಾಕೆಂದರೆ ಕುರ್ಚಿ ಬಹಳ ದಿನ ಖಾಲಿ ಇರುವುದಿಲ್ಲ. ಟ್ರಾಲಿ ಕಳಿಸುವುದಕ್ಕೆ ಸಿ ಭಾಷೆ ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ನಿಯಮದಲ್ಲಿ ಹಾಗಿತ್ತು, ಅಷ್ಟೆ.

ತರಗತಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ. ಉದ್ದದ ಮೇಜು, ಹಳೆಯ ಕಂಪ್ಯೂಟರುಗಳು, ಸದಾ ನೆಗಡಿಯಿರುವ ಒಬ್ಬಳು ಟೀಚರ್. ಬುಗುರಿಯ ಅರ್ಧ ವಯಸ್ಸಿನವಳು, ದನಿ ಸಣ್ಣದು, ಪಟ್ಟು ದೊಡ್ಡದು. ಮೊದಲ ವಾರ ಲೂಪ್ ಕಲಿಸಿದಳು. ಒಂದು ಮಾತನ್ನು ಹತ್ತು ಸಲ ಹೇಳಬೇಕಾದರೆ ಹತ್ತು ಸಲ ಬರೆಯಬೇಕಿಲ್ಲ. ಒಂದು ಸಲ ಬರೆದು, ಎಣಿಸುತ್ತ ಸುತ್ತು ಹಾಕು ಎಂದರೆ ಯಂತ್ರ ಸುತ್ತುತ್ತದೆ. ಬುಗುರಿ ಬರೆದಳು, ಎಣಿಕೆಯನ್ನು ಒಂದೊಂದಾಗಿ ಏರಿಸುವ ಸಾಲನ್ನು ಮರೆತಳು. ಒತ್ತಿದ್ದೇ ತಡ, ಪರದೆಯ ತುಂಬ 'ನಮಸ್ಕಾರ ನಮಸ್ಕಾರ ನಮಸ್ಕಾರ' ಎಂದು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿತು. ಇತರರು ಗಾಬರಿಯಾದರು. ಬುಗುರಿ ಮಾತ್ರ ತನ್ನ ಹಾಗೇ ಇರುವ ಒಂದು ಜೀವ ಕೊನೆಗೂ ಸಿಕ್ಕಿತೆಂಬಂತೆ ನೋಡುತ್ತ ನಿಂತಳು.

"ಅಕ್ಕ, ನಿಲ್ಸಿ ಅದನ್ನ."

"ಇರಲಿ ಬಿಡಿ ಟೀಚರ್. ಪಾಪ, ಹುಮ್ಮಸ್ಸಲ್ಲಿದೆ."

ಟೀಚರ್ ಬಂದು ಎರಡು ಗುಂಡಿ ಒಟ್ಟಿಗೆ ಒತ್ತಿ ಅದರ ಕತ್ತು ಹಿಸುಕಿದಳು. ಆ ಎರಡು ಗುಂಡಿಗಳನ್ನು ಬುಗುರಿ ಚೆನ್ನಾಗಿ ಗುರುತಿಟ್ಟುಕೊಂಡಳು. ಮುಂದೆ ಅದೇ ಅವಳಿಗೆ ಮುಳುವಾಯಿತು.

ಮರುವಾರ ಫಂಕ್ಷನ್. "ಒಂದು ಕೆಲಸಕ್ಕೆ ಒಂದು ಹೆಸರಿಡ್ತೀವಿ," ಎಂದಳು ಟೀಚರ್. "ಹೆಸರು ಹಿಡಿದು ಕರೆದ್ರೆ ಬರುತ್ತೆ, ಕೆಲಸ ಮಾಡುತ್ತೆ." ಅಷ್ಟರಲ್ಲಿ ಕೆಳಗೆ ಬೀದಿಯಲ್ಲಿ ಯಾವುದೋ ವ್ಯಾನು ಕಿರ್ರನೆ ನಿಂತ ಸದ್ದಾಯಿತು. ಬುಗುರಿ ಎದ್ದು ಕಿಟಕಿಗೆ ಹೋದಳು. ಅವಳು ತಿರುಗಿ ಬಂದು ಕೂರುವಷ್ಟರಲ್ಲಿ ಟೀಚರ್ ಉಳಿದರ್ಧ ಹೇಳಿ ಮುಗಿಸಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಪರೀಕ್ಷೆಗೆ ಬರುವುದು ಮೆನು ಪ್ರೋಗ್ರಾಂ ಎಂದು ಎಲ್ಲರಿಗೂ ಗೊತ್ತಿತ್ತು. ಪರದೆಯ ಮೇಲೆ ಒಂದು ಪಟ್ಟಿ ಬರಬೇಕು, ಬೇಕಾದ ಅಂಕಿ ಒತ್ತಿದರೆ ಆ ಫಂಕ್ಷನ್ ಓಡಬೇಕು, ಮತ್ತೆ ಪಟ್ಟಿ ಬರಬೇಕು, ಸೊನ್ನೆ ಒತ್ತಿದರೆ ಮುಗಿಯಬೇಕು. ಬುಗುರಿ ತನಗೆ ಗೊತ್ತಿದ್ದದ್ದನ್ನೇ ಬರೆದಳು. ಒಂದು ಒತ್ತಿದರೆ ಟ್ರಾಲಿ ಕಳಿಸು. ಎರಡು ಒತ್ತಿದರೆ ಟ್ರಾಲಿ ಬಂತು. ಮೂರು ಒತ್ತಿದರೆ ಎಷ್ಟು ಹೊರಗಿವೆ ತೋರಿಸು. ಸೊನ್ನೆ, ಮುಗಿಸು. ಪಟ್ಟಿ ತೋರಿಸಿ ಅಂಕಿ ಕೇಳುವುದಕ್ಕೂ ಒಂದು ಫಂಕ್ಷನ್, ಸೊನ್ನೆ ಒತ್ತುವ ತನಕ ಸುತ್ತುವ ಲೂಪು ಅದರೊಳಗೆ, ಅದಕ್ಕೆ ಮೆನು ಎಂದೇ ಹೆಸರು. ಪ್ರತಿ ಕೆಲಸದ ಕೊನೆಯಲ್ಲೂ ಮರೆಯದೆ ಒಂದು ಸಾಲು ಸೇರಿಸಿದಳು: ಮೆನುವನ್ನು ಕರೆ. ಇಲ್ಲದಿದ್ದರೆ ಆ ಕೆಲಸ ಮುಗಿದ ಮೇಲೆ ಅದು ಅಲ್ಲೇ ಕಂಬದ ಹಾಗೆ ನಿಂತುಬಿಡುವುದಿಲ್ಲವೆ? ಮುಂದಿನ ಕೆಲಸ ಕೊಡುವವರು ಯಾರು?

ಪ್ರೋಗ್ರಾಂ ಓಡಿತು. ಒಂದು ಒತ್ತಿದಳು, ಎರಡು ಒತ್ತಿದಳು, ಮೂರು ಒತ್ತಿದಳು, ಎಲ್ಲ ಸರಿ. ಅಲ್ಲಿಗೆ ತಾಳ್ಮೆ ಮುಗಿದು ಆ ಎರಡು ಗುಂಡಿ ಒಟ್ಟಿಗೆ ಒತ್ತಿ ಎದ್ದಳು. ದಿನವೂ ಹಾಗೆಯೇ. ಬೋರ್ಡಣ್ಣನ ಊಟದ ಬಿಡುವಿಗೆ ಆಸ್ಪತ್ರೆಗೆ ಹೋಗಿ ಬೋರ್ಡಿನ ಕೋಣೆಗೆ ಆಗಲೇ ಬಂದಿದ್ದ ಹೊಸ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವಾಗಲೂ ಹಾಗೆಯೇ. ಸೊನ್ನೆಯ ತನಕ ಅವಳು ಒಂದು ದಿನವೂ ಹೋಗಲಿಲ್ಲ.

ಪರೀಕ್ಷೆಯ ವಾರ ಟೀಚರ್ ಎಲ್ಲರ ಹಿಂದೆ ನಿಂತು ಒಬ್ಬೊಬ್ಬರದನ್ನು ನೋಡಿದಳು. ಬುಗುರಿ ಠೀವಿಯಿಂದ ಒಂದು, ಒಂದು, ಎರಡು, ಮೂರು ಎಂದು ಒತ್ತಿ ತೋರಿಸಿದಳು.

"ಚೆನ್ನಾಗಿದೆ ಅಕ್ಕ. ಈಗ ಸೊನ್ನೆ."

ಒತ್ತಿದಳು. ಪಟ್ಟಿ ಮತ್ತೆ ಬಂತು. ಕೈ ತಪ್ಪಿರಬೇಕೆಂದು ಮತ್ತೆ ಒತ್ತಿದಳು. ಪಟ್ಟಿ ಮತ್ತೆ ಬಂತು. ಪಕ್ಕದವನು ಕಿಸಕ್ಕೆಂದ. ಮತ್ತೆ ಒತ್ತಿದಳು, ಮತ್ತೆ. ಕೊನೆಗೆ ಯಾವಾಗಲೋ ಅದಕ್ಕೇ ಬೇಸರ ಬಂದಂತೆ ನಿಂತಿತು.

"ಈ ಗುಂಡಿ ಹಾಳಾಗಿದೆ ಟೀಚರ್."

"ಗುಂಡಿ ಸರಿಯಿದೆ. ಯಾರು ಯಾರನ್ನ ಕರೆದಿದ್ದಾರೆ ಅಂತ ನೋಡಿ." ಟೀಚರ್ ಸೀನಿದಳು. "ನಾನೇ ಹೇಳಿಕೊಟ್ರೆ ಪರೀಕ್ಷೇಲಿ ಇನ್ನೊಂದು ಕಡೆ ತಪ್ಪು ಮಾಡ್ತೀರಿ. ಹುಡುಕಿ. ಇದು ಹೀಗೇ ಇದ್ರೆ ಪಾಸ್ ಮಾಡಲ್ಲ ಅವರು. ಮುಗಿಯದೆ ಇರೋ ಪ್ರೋಗ್ರಾಂಗೆ ಅಂಕ ಇಲ್ಲ."

ಅಂದಿನಿಂದ ಬುಗುರಿಗೆ ಕೂತರೂ ನೆಮ್ಮದಿಯಿಲ್ಲ, ನಿಂತರೂ ಇಲ್ಲ. ಸೊನ್ನೆಯ ಬದಲು ಒಂಬತ್ತು ಹಾಕಿ ನೋಡಿದಳು. ಒಂಬತ್ತೂ ಅದೇ ಆಟ ಆಡಿತು. ಲೂಪನ್ನು ಬೈದಳು, ಯಂತ್ರವನ್ನು ಬೈದಳು, ಅದನ್ನು ಕಂಡುಹಿಡಿದವನ ವಂಶವನ್ನೂ ಬಿಡಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಹೋದಳು, ಇಳಿಯುವ ಕಡೆ ಇಳಿಯದೆ ಮುಂದೆ ಹೋಗಿ ಕುಂಟುತ್ತ ಹಿಂದೆ ಬಂದಳು. ಒಲೆಯ ಮೇಲೆ ನೀರಿಟ್ಟು ಬಟ್ಟೆ ನೆನೆಸಲು ಹೋದಳು, ಬಟ್ಟೆ ನೆನೆಸುತ್ತ ಬಾಗಿಲು ತೆಗೆದಿದೆಯೆಂದು ಮುಚ್ಚಲು ಹೋದಳು, ಬಾಗಿಲಲ್ಲಿ ಪಕ್ಕದ ಮನೆಯವಳು ಸಿಕ್ಕಿದಳು. ನೀರು ಬತ್ತಿ ಪಾತ್ರೆ ಕಪ್ಪಾಯಿತು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅತ್ತೆಯ ಕಣ್ಣಿಗೆ ಔಷಧಿ ಬಿಡಲು ಕೂತಳು. ಕುರ್ಚಿಯಲ್ಲಿ ತಲೆ ಹಿಂದಕ್ಕೆ ವಾಲಿಸಿ ಕೂತ ಮುದುಕಿಯ ಬಲಗಣ್ಣಿಗೆ ಬಿಟ್ಟಳು. ಅಷ್ಟರಲ್ಲಿ ತಲೆಯಲ್ಲಿ ಒಂದು ಉಪಾಯ ಹೊಳೆಯಿತು: ಮೆನುವಿನ ಲೂಪನ್ನು ಬೇರೆ ಥರದ್ದು ಮಾಡಿದರೆ? ಕಾಗದ ಹುಡುಕಿದಳು, ಬರೆದಳು, ಹರಿದಳು, ಕಾಗದ ತರಲು ಅಂಗಡಿಗೆ ಹೋದಳು, ಅಲ್ಲಿಂದ ಹಾಗೆಯೇ ಸೋಪು ತಂದಳು, ಸೋಪು ಬಚ್ಚಲಲ್ಲಿಟ್ಟು ಬರುವಾಗ ನೋಡಿದರೆ ಅತ್ತೆ ಇನ್ನೂ ಸೂರು ನೋಡುತ್ತ ಕೂತಿದ್ದಾಳೆ.

"ಅತ್ತೆ, ಏನು ನೋಡ್ತಿದ್ದೀರಿ ಮೇಲೆ?"

"ಏನಿಲ್ಲಮ್ಮ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು ಅಂತಾರಲ್ಲ, ನಾನು ಔಷಧಿ ಬಿಟ್ಕೊಂಡು ಕಾಯ್ತಿದ್ದೀನಿ. ಅದೂ ಒಂದೇ ಕಣ್ಣಿಗೆ. ಇನ್ನೊಂದು ಕಣ್ಣು ಮುಂದಿನ ಸೊಸೆಗೋ?"

"ಅಯ್ಯೋ ಅತ್ತೆ, ಕೂಗಬಾರದಿತ್ತಾ?"

"ಕೂಗಿದ್ರೆ ನೀನು ಬರ್ತೀಯ, ನಿಜ. ಬಂದ ಮೇಲೆ ಬೇರೆ ಇನ್ನೇನೋ ಕಾಣುತ್ತೆ ನಿನಗೆ. ಅದರ ಬದಲು ಕತ್ತು ನೋಯಿಸ್ಕೊಳ್ಳೋದೇ ವಾಸಿ."

ಬುಗುರಿ ನಗುತ್ತಲೇ ಎಡಗಣ್ಣಿಗೂ ಬಿಟ್ಟಳು. ಆಮೇಲೆ ಮುದುಕಿಯ ಕತ್ತು ತಿಕ್ಕಿದಳು. ಅಷ್ಟು ಹೊತ್ತೂ ಮುದುಕಿ ಕತ್ತೆತ್ತಿಕೊಂಡೇ ಇದ್ದಳು, ತಾನು ಅದನ್ನು ಮುಗಿದ ಕೆಲಸವೆಂದು ಮರೆತೇ ಬಿಟ್ಟಿದ್ದಳು.

ಆ ದಿನ ಬೋರ್ಡಿನ ಕೋಣೆಯಲ್ಲಿ ಹಲಗೆಗೆ ಕೊನೆಯ ದಿನ. ಬಿಲ್ಲೆಗಳನ್ನು ಡಬ್ಬಿಗೆ ತುಂಬಲು ಬೋರ್ಡಣ್ಣ ಅವಳನ್ನು ಕರೆದಿದ್ದ. ಕೆಂಪು, ನೀಲಿ, ಹಸಿರು ಬಿಲ್ಲೆಗಳು ಆಗಲೇ ಇಳಿದಿದ್ದವು. ಮೂಲೆಗಳ ಕೊಕ್ಕೆಗಳಲ್ಲಿ, ಯಾವ ಕಾಲದಲ್ಲೋ ಇಬ್ಬರೂ ಮರೆತುಬಿಟ್ಟ ಹಳದಿ ಬಿಲ್ಲೆಗಳು ಇನ್ನೂ ನೇತಾಡುತ್ತಿದ್ದವು.

"ನೋಡು, ನೀನು ಇನ್ನೂ ಮಕ್ಕಳ ವಾರ್ಡಲ್ಲಿದ್ದೀಯ," ಎಂದ ಬೋರ್ಡಣ್ಣ. "ರಕ್ತ ಪರೀಕ್ಷೆ ಹತ್ರನೂ ಇದ್ದೀಯ. ನಿನ್ನ ಕೈಯಾರೆ ನೀನೇ ತೆಗಿ. ಒಂದೊಂದಕ್ಕೂ 'ಬಂದೆ' ಅನ್ನು, ನನ್ನ ಜೀವ ತಣ್ಣಗಾಗಲಿ."

"ಬಂದೆ," ಎಂದು ಒಂದು ತೆಗೆದಳು. "ಬಂದೆ," ಎಂದು ಇನ್ನೊಂದು. ಮೂರನೆಯದಕ್ಕೆ ಚಾಚಿದ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು.

ಮೆನು ಒಬ್ಬಳನ್ನು ಕಳಿಸಿತು. ಅವಳು ವಾಪಸ್ ಬರಲಿಲ್ಲ, ಹೋದ ಕಡೆಯೇ ಇನ್ನೊಂದು ಮೆನುವನ್ನು ಕರೆದಳು. ಆ ಮೆನು ಮತ್ತೊಬ್ಬಳನ್ನು ಕಳಿಸಿತು. ಹಿಂದಿನ ಮೆನು ಎಲ್ಲಿಗೂ ಹೋಗಿಲ್ಲ, ಬೋರ್ಡಣ್ಣನ ಹಾಗೆ, ಅತ್ತೆಯ ಹಾಗೆ, ಕತ್ತೆತ್ತಿಕೊಂಡು ಕಾಯುತ್ತಿದೆ. ಸೊನ್ನೆ ಒತ್ತಿದರೆ ಮುಗಿಯುವುದು ಕೊನೆಯದು ಒಂದೇ. ಅದರ ಹಿಂದಿನದು ಎದ್ದು 'ಮುಂದೇನು?' ಎಂದು ಕೇಳುತ್ತದೆ. ಎಷ್ಟು ಕಡೆ ಹೋಗಿದ್ದಳೋ ಅಷ್ಟೂ ಬಿಲ್ಲೆ ಇಳಿಯಬೇಕು.

"ಅಣ್ಣ, ಕಂಪ್ಯೂಟರ್ ಬಿಡಿ ಸ್ವಲ್ಪ."

"ಬಿಲ್ಲೆ?"

"ಇವನ್ನ ಮುಗಿಸಿಯೇ," ಎಂದಳು ಬುಗುರಿ. ಬೋರ್ಡಣ್ಣನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು.

ಎಲ್ಲ ತೆಗೆದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಪ್ರತಿ ಕೆಲಸದ ಕೊನೆಯ ಸಾಲನ್ನೂ ಅಳಿಸಿದಳು. ಮುಂದಿನ ಕೆಲಸ ಹೇಳದೆ ಒಬ್ಬರನ್ನು ನಡುದಾರಿಯಲ್ಲಿ ಬಿಟ್ಟ ಹಾಗೆ ಅನ್ನಿಸುತ್ತಿತ್ತು. ಒಂದು ಒತ್ತಿದಳು. ಟ್ರಾಲಿ ಹೋಯಿತು, ಪಟ್ಟಿ ತಾನಾಗಿಯೇ ಬಂತು, ಯಾರೂ ಕರೆಯದೆ. ಅಲ್ಲೇ ಕಾಯುತ್ತಿತ್ತಲ್ಲ, ಕರೆಯುವುದೇನು ಬಂತು! ಮೂರು ಒತ್ತಿದಳು. ಕೊನೆಗೆ ಸೊನ್ನೆ. ಮುಗಿಯಿತು. ಒಂದೇ ಏಟಿಗೆ.

ಕಂಡುಹಿಡಿದದ್ದೇನೋ ಸರಿ, ಪರೀಕ್ಷೆ ಬಾಕಿಯಿತ್ತಲ್ಲ. ಮರುದಿನ ತರಗತಿಗೆ ಬಂದ ಪರೀಕ್ಷಕರು ದಪ್ಪ ಕನ್ನಡಕದವರು. ಮೊದಲ ಮಾತೇ ಹೀಗಿತ್ತು: "ಸೀಟಿಂದ ಎದ್ದವರು ಮತ್ತೆ ಕೂರೋ ಹಾಗಿಲ್ಲ. ಮುಗಿಸಿದ ಮೇಲೇ ಏಳಬೇಕು." ಉಳಿದವರಿಗೆ ಅದು ಮಾತೇ ಅಲ್ಲ. ಬುಗುರಿ ಮೊದಲು ಕಿಟಕಿ ಎಷ್ಟು ದೂರವಿದೆಯೆಂದು ನೋಡಿಕೊಂಡಳು.

ಪ್ರಶ್ನೆ ಬಂತು, ಗ್ರಂಥಾಲಯದ ಮೆನು. ಪುಸ್ತಕ ಕೊಡು, ಪುಸ್ತಕ ಬಂತು, ಎಷ್ಟು ಹೊರಗಿವೆ. ಟ್ರಾಲಿ ಎಂದಿದ್ದ ಕಡೆ ಪುಸ್ತಕ ಎಂದು ಬರೆದರಾಯಿತು. ಬರೆಯತೊಡಗಿದಳು. ಮೇಜಿನ ಕೆಳಗೆ ಕಾಲು ತನ್ನಷ್ಟಕ್ಕೆ ಕುಣಿಯತೊಡಗಿತು.

"ಅಕ್ಕ, ಕಾಲು ನಿಲ್ಸಿ," ಎಂದು ಪಕ್ಕದವನು ಪಿಸುಗುಟ್ಟಿದ. "ನನ್ನ ಅಕ್ಷರಗಳು ಅಲ್ಲಾಡ್ತಿವೆ."

ಕಾಲನ್ನು ಕುರ್ಚಿಯ ಕಾಲಿಗೆ ಸುತ್ತಿ ಬಿಗಿದುಕೊಂಡಳು. ಕುಣಿತ ಕಾಲಿನಿಂದ ಏರಿ ಬೆರಳಿಗೆ ಬಂತು. ಓಡಿಸಿದಳು, ತಪ್ಪುಗಳ ಉದ್ದ ಸಾಲು ಬಂತು. ಒಂದೇ ಕಡೆ ಅರ್ಧವಿರಾಮ ಚಿಹ್ನೆ ಬಿಟ್ಟುಹೋಗಿದ್ದಕ್ಕೆ ಯಂತ್ರ ಇಡೀ ಮನೆತನವನ್ನೇ ಜಾಲಾಡಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಕಿಟಕಿ ಎರಡೇ ಮಾರು ದೂರದಲ್ಲಿತ್ತು. ಎದ್ದು ಒಂದೇ ಒಂದು ಸಲ ಇಣುಕಿ ಬಂದರೆ ತಲೆ ತಿಳಿಯಾಗುತ್ತದೆ, ಆಮೇಲೆ ಎಲ್ಲ ಸರಸರ ಬರುತ್ತದೆ ಎಂದು ಮೈ ಹೇಳುತ್ತಿತ್ತು. ಮೈಯ ಮಾತು ಕೇಳಿಯೇ ಅಲ್ಲವೆ ಫಂಕ್ಷನ್ನಿನ ಉಳಿದರ್ಧ, ಕೆಲಸ ಮುಗಿದರೆ ಅದು ಕರೆದವರ ಬಳಿಗೇ ವಾಪಸ್ ಹೋಗುತ್ತದೆ ಅನ್ನುವುದು, ತಪ್ಪಿಹೋದದ್ದು. ಕುರ್ಚಿಯ ಅಂಚನ್ನು ಎಡಗೈಯಲ್ಲಿ, ಟ್ರಾಲಿಯ ಕಂಬಿ ಹಿಡಿದ ರೋಗಿಯ ಹಾಗೆ, ಗಟ್ಟಿಯಾಗಿ ಹಿಡಿದುಕೊಂಡಳು. ಬಲಗೈ ಒಂದರಲ್ಲೇ ಆ ಚಿಹ್ನೆ ಹುಡುಕಿ ಹಾಕಿದಳು.

ಪರೀಕ್ಷಕರು ಬಂದು ನಿಂತಾಗ ಒಂದು ಒತ್ತಿದಳು, ಒಂದು, ಎರಡು, ಮೂರು.

"ಹೂಂ," ಎಂದರು ಅವರು. ಟೀಚರ್ ದೂರದಲ್ಲಿ ಕರವಸ್ತ್ರ ಮೂಗಿಗಿಟ್ಟುಕೊಂಡು ನೋಡುತ್ತಿದ್ದಳು. ಬುಗುರಿ ಸೊನ್ನೆ ಒತ್ತಿದಳು. ಪಟ್ಟಿ ಬರಲಿಲ್ಲ.

"ಪುಸ್ತಕ ಕೊಟ್ಟ ಮೇಲೆ ಮತ್ತೆ ಮೆನು ಹೇಗೆ ಬರುತ್ತೆ?" ಎಂದು ಕೇಳಿದರು ಪರೀಕ್ಷಕರು. "ಆ ಫಂಕ್ಷನ್ನಲ್ಲಿ ನೀವು ಅದನ್ನ ಕರೆದೇ ಇಲ್ಲವಲ್ಲ."

"ಕರೆಯೋದು ಬೇಡ ಸಾರ್. ಕಳಿಸಿದವರು ಅಲ್ಲೇ ಕಾಯ್ತಿರ್ತಾರೆ. ನಾವು ವಾಪಸ್ ಹೋದ್ರೆ ಸಾಕು."

ಅವರು ಏನೋ ಗೀಚಿ ಮುಂದೆ ಹೋದರು. ಪಾಸು ಎಂದು ಟೀಚರ್ ಕಣ್ಣಲ್ಲೇ ಹೇಳಿದಳು, ಆಮೇಲೆ ಜೋರಾಗಿ ಸೀನಿದಳು.

ಮುಂದಿನ ವಾರ ಬುಗುರಿ ಬೋರ್ಡಿನ ಕೋಣೆಗೆ ಹೋದಳು. ಕೆಲಸ ಒಪ್ಪಿಸಿಕೊಡಲು ಬೋರ್ಡಣ್ಣ ಬಂದಿದ್ದ. ಹಲಗೆಯ ಜಾಗದಲ್ಲಿ ಗೋಡೆ ಬೆಳ್ಳಗೆ ಕಾಣುತ್ತಿತ್ತು. ಬುಗುರಿ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತೇ ಇದ್ದಳು.

"ಕೂತ್ಕೋ, ಕುರ್ಚಿ ಕಚ್ಚಲ್ಲ," ಎಂದ ಬೋರ್ಡಣ್ಣ.

ಕೂತಳು. ಮೊದಲ ಫೋನು ಬಂತು. ಎಕ್ಸ್‌ರೇಗೆ ಒಬ್ಬರನ್ನು ಒಯ್ಯಬೇಕು. ಹೊಸದಾಗಿ ಸೇರಿದ ಒಬ್ಬಳು ಬಾಗಿಲಲ್ಲಿದ್ದಳು. ಕಳಿಸಿ, ಕಂಪ್ಯೂಟರಿನಲ್ಲಿದ್ದ ತನ್ನ ಮೆನುವಿನಲ್ಲಿ ಒಂದು ಒತ್ತಿದಳು. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಬುಗುರಿ ಬಾಗಿಲು ನೋಡಿದಳು, ಪರದೆ ನೋಡಿದಳು, ಬಾಗಿಲು ನೋಡಿದಳು. ಮೇಜಿನ ಕೆಳಗೆ ಕಾಲು ಕುಣಿಯತೊಡಗಿತು, ಮೇಜಿನ ಮೇಲಿನ ಚಹಾದ ಲೋಟ ಕಿಣಿಕಿಣಿ ಎಂದಿತು.

"ಎಲ್ಲಿ ಹೋದಳು ಅಣ್ಣ ಇವಳು? ರೋಗಿಯನ್ನ ಇಳಿಸಿ ಬರೋಕೆ ಇಷ್ಟು ಹೊತ್ತಾ? ದಾರೀಲಿ ಯಾರೋ ಹಿಡ್ಕೊಂಡ್ರು ಅನ್ಸುತ್ತೆ. ಹಿಡ್ಕೊಂಡ್ರೆ ಇವಳಿಗಾದ್ರೂ ಬುದ್ಧಿ ಬೇಡವಾ, ಬಂದು ಒಂದು ಮಾತು ಹೇಳೋಕೆ?"

ಬೋರ್ಡಣ್ಣ ಕಿಣಿಗುಡುತ್ತಿದ್ದ ಲೋಟವನ್ನು ಎತ್ತಿ, ಮೇಜಿನಿಂದ ದೂರ, ಗೋಡೆಯ ಗೂಡಿನಲ್ಲಿಟ್ಟ. ಎಷ್ಟೋ ವರ್ಷಗಳ ಬಾಕಿ ತೀರಿದವನಂತೆ ಅವನ ಮುಖ ಅರಳಿತ್ತು.

ಕಾರಿಡಾರಿನಲ್ಲಿ ಗಾಲಿಯೊಂದು ಕಿರುಗುಟ್ಟಿತು. ಬುಗುರಿ ಏಳಹೊರಟವಳು ಕುರ್ಚಿಯ ಅಂಚು ಹಿಡಿದು ಕೂತಳು.

"ಬಂದೆ ಅಕ್ಕ," ಎಂದಿತು ಬಾಗಿಲು.

"ಬಾರಮ್ಮ ಬಾ," ಎಂದು ಬುಗುರಿ ಎರಡು ಒತ್ತಿದಳು.